ಬೇಕಾಗಿರುವುದು ಅರವತ್ತಾರು

ಜನವರಿ 9, ಸೋಮವಾರ

ದೊಡ್ಡ ಡಾಕ್ಟರು ಇವತ್ತು ತಾವಾಗಿಯೇ ನನ್ನ ಕೋಣೆಗೆ ಬಂದರು. ಅವರು ತಾವಾಗಿ ಬಂದರೆಂದರೆ ಏನೋ ಬೇಕಾಗಿದೆ ಎಂದೇ ಅರ್ಥ. ಕುರ್ಚಿಯ ಮೇಲಿದ್ದ ಕಾಗದಗಳನ್ನು ನೆಲಕ್ಕಿಟ್ಟು ಕೂತು, "ಎಷ್ಟು ಜನ ಬೇಕು, ಲೆಕ್ಕದಮ್ಮ?" ಎಂದರು. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ. ಇಪ್ಪತ್ತೆರಡು ವರ್ಷದಿಂದ ಸಂಶೋಧನಾ ವಿಭಾಗದ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಅಂಕಿ ಅಂಶ ನೋಡುತ್ತಿದ್ದೇನೆ. ನನ್ನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ನೆನಪಿಲ್ಲ.

ಹೊಸ ಗುಳಿಗೆಯೊಂದು ಬಂದಿದೆ. ಹೃದಯದ ಬಲ ಕುಂದಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುವವರಿಗೆ. ಅರ್ಧ ಜನಕ್ಕೆ ಅಸಲಿ ಗುಳಿಗೆ, ಇನ್ನರ್ಧ ಜನಕ್ಕೆ ಅದೇ ಬಣ್ಣದ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ, ನನಗೂ ಇಲ್ಲ. ಕೊನೆಗೆ ಯಾವ ಕಡೆ ಎಷ್ಟು ಜನ ಸತ್ತರು ಎಂದು ನೋಡುವುದು. ಎಷ್ಟು ಜನರನ್ನು ಸೇರಿಸಿಕೊಂಡರೆ ಆ ಉತ್ತರವನ್ನು ನಂಬಬಹುದು ಎಂದು ಮೊದಲೇ ಹೇಳುವುದು ನನ್ನ ಕೆಲಸ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಇಂಥ ಅಧ್ಯಯನಕ್ಕೆ ರೋಗಿಗಳ ಸಂಖ್ಯೆ ಮುಖ್ಯವಲ್ಲ, ಸಾವಿನ ಸಂಖ್ಯೆ ಮುಖ್ಯ. ಸಾವಿರ ಜನ ಸೇರಿ, ಸಾವಿರ ಜನವೂ ಗುಂಡುಕಲ್ಲಿನ ಹಾಗೆ ಕೂತರೆ ನಮಗೆ ಏನೂ ತಿಳಿಯುವುದಿಲ್ಲ. ಮೊದಲು ಎಷ್ಟು ಸಾವು ಬೇಕೆಂಬ ತೀರ್ಮಾನ. ಆಮೇಲೆ ಅಷ್ಟು ಸಾವು ಬರಲು ಎಷ್ಟು ಜನರನ್ನು ಸೇರಿಸಬೇಕೆಂಬ ಲೆಕ್ಕ. ಡಾಕ್ಟರು ಮುಖ ಹಿಂಡಿದರು. "ಸಾವು ಅನ್ಬೇಡಿ, ಘಟನೆ ಅನ್ನಿ." ಕಾಗದದಲ್ಲಿ ಬರೆಯುವುದೂ ಘಟನೆ ಎಂದೇ. ಸಾಯುವವರಿಗೆ ಅದರಿಂದ ಏನು ಸಮಾಧಾನವೋ.

ಗುಳಿಗೆಯಿಂದ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಹಿಡಿದರೆ (ಇಂಥ ಔಷಧಿಗೆ ಅಷ್ಟಾದರೆ ಅದೇ ಹೆಚ್ಚು) ಇನ್ನೂರು ಸಾವು ಬೇಕು. ಅದಕ್ಕೆ ಎಂಟು ನೂರು ರೋಗಿಗಳು. ನಮ್ಮ ಆಸ್ಪತ್ರೆಗೆ ಅಷ್ಟು ಜನ ಬರುವುದರೊಳಗೆ ಎರಡೂವರೆ ವರ್ಷ, ಎಲ್ಲ ಸೇರಿ ನಾಲ್ಕು ವರ್ಷ. "ನಾನು ಮುಂದಿನ ವರ್ಷ ಸೆಪ್ಟೆಂಬರಿಗೆ ನಿವೃತ್ತಿ ಕಣಮ್ಮ. ಇನ್ನೊಂದ್ಸಲ ನೋಡಿ," ಎಂದು ಎದ್ದು ಹೋದರು. ಕಾಗದಗಳನ್ನು ನಾನೇ ಮತ್ತೆ ಕುರ್ಚಿಯ ಮೇಲಿಟ್ಟೆ.

ಜನವರಿ 13

ಅಕ್ಕನನ್ನು ತೋರಿಸಿಕೊಂಡು ಬಂದೆ. ಅವಳಿಗೂ ಇದೇ ಕಾಯಿಲೆ, ಎರಡು ವರ್ಷವಾಯಿತು. ಮೂವತ್ತು ವರ್ಷ ಹೆಂಗಸರಿಗೆ ಕಾರು ಓಡಿಸಲು ಕಲಿಸಿದವಳು, ಈಗ ಮಂಚದಿಂದ ಬಚ್ಚಲಿಗೆ ಹೋಗಲು ನಡುವೆ ಒಂದು ಕುರ್ಚಿ ಹಾಕಿಸಿಕೊಂಡಿದ್ದಾಳೆ. ಮೂರು ದಿಂಬು ಒರಗಿಸಿ ಕೂತೇ ನಿದ್ದೆ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಆಸ್ಪತ್ರೆಯ ಗಾಲಿ ಕುರ್ಚಿ ತಳ್ಳುತ್ತಿದ್ದವನಿಗೆ, "ತಿರುವಿನಲ್ಲಿ ನಿಧಾನಿಸಪ್ಪ, ನಿನಗೆ ಲೈಸೆನ್ಸು ಕೊಟ್ಟಿದ್ದು ಯಾರು?" ಎಂದಳು.

ಅವಳನ್ನು ನೋಡುವ ಡಾಕ್ಟರಮ್ಮ ನನ್ನನ್ನು ಬಾಗಿಲಾಚೆ ಕರೆದು ಹೇಳಿದರು: "ಚೆನ್ನಾಗಿ ನೋಡ್ಕೊಂಡ್ರೆ ಎರಡು ವರ್ಷ. ಉಪ್ಪು ಬೇಡ, ದಿನಾ ತೂಕ ನೋಡಿ. ಮೈಯಲ್ಲಿ ನೀರು ನಿಂತು ಒಂದೇ ಸಲ ಎರಡು ಕೆಜಿ ಏರಿದ್ರೆ ಆವತ್ತೇ ಕರ್ಕೊಂಡು ಬನ್ನಿ." ಹೊಸ ಗುಳಿಗೆಯ ವಿಷಯ ಕೇಳಿದೆ. ಅಧ್ಯಯನದ ಹೊರಗೆ ಯಾರಿಗೂ ಕೊಡುವಂತಿಲ್ಲ. ಅಧ್ಯಯನದಲ್ಲಿ ಕೆಲಸ ಮಾಡುವವರ ಮನೆಯವರನ್ನು ಒಳಗೆ ಸೇರಿಸುವಂತಿಲ್ಲ. ಗೆದ್ದರೆ ಮರುವಾರದಿಂದಲೇ ಈ ಆಸ್ಪತ್ರೆಯ ಎಲ್ಲ ರೋಗಿಗಳಿಗೂ ಕೊಡುತ್ತೇವೆಂದು ಕಂಪನಿಯವರು ಬರೆದುಕೊಟ್ಟಿದ್ದಾರೆ.

ನಾಲ್ಕು ವರ್ಷ. ಎರಡು ವರ್ಷ. ಈ ಕಳೆಯುವ ಲೆಕ್ಕಕ್ಕೆ ನಾನೇನು ಬೇಕಾಗಿಲ್ಲ.

ಜನವರಿ 16, ಸೋಮವಾರ

ಮೂರರಲ್ಲಿ ಒಂದು ಪಾಲು ಎಂದಿದ್ದ ಕಡೆ ಅರ್ಧ ಎಂದು ಹಾಕಿದೆ. ಗುಳಿಗೆಯಿಂದ ಸಾವು ಅರ್ಧಕ್ಕರ್ಧ ಇಳಿಯುತ್ತದೆ ಎಂದು. ಅಷ್ಟೇ, ಒಂದೇ ಒಂದು ಅಂಕಿ. ದೊಡ್ಡ ವ್ಯತ್ಯಾಸವನ್ನು ಕಾಣಲು ಕಡಿಮೆ ಸಾವು ಸಾಕು. ಇನ್ನೂರು ಇದ್ದದ್ದು ಅರವತ್ತಾರಕ್ಕೆ ಬಂತು. ಇನ್ನೂರ ಎಂಬತ್ತು ರೋಗಿಗಳು, ಒಂದೂವರೆ ವರ್ಷ. ಮುಂದಿನ ವರ್ಷ ಜೂನಿನೊಳಗೆ ಮುಗಿಯುತ್ತದೆ.

ಅರ್ಧ ಎನ್ನುವುದು ನನ್ನ ಕಲ್ಪನೆಯೇನಲ್ಲ. ಎಲ್ಲೋ ಯಾರೋ ನಲವತ್ತು ಜನರಿಗೆ ಈ ಗುಳಿಗೆ ಕೊಟ್ಟು ನೋಡಿದ್ದಾರೆ, ಅಲ್ಲಿ ಅರ್ಧ ಇಳಿದಿದೆ. ನಲವತ್ತು ಜನರ ಮೇಲೆ ನಂಬಿಕೆ ಇಡಬಾರದೆಂದು ಹೊಸ ಡಾಕ್ಟರುಗಳಿಗೆ ಪ್ರತಿ ವರ್ಷ ಪಾಠ ಮಾಡುವವಳು ನಾನೇ. ಆದರೆ ನಂಬಬಾರದು ಎಂದರೆ ಸುಳ್ಳು ಎಂದಲ್ಲವಲ್ಲ.

ದೊಡ್ಡ ಡಾಕ್ಟರು ಕಾಗದ ನೋಡಿ, "ಹೀಗ್ ಹೇಳಿ ಮತ್ತೆ!" ಎಂದು ಮೇಜು ಕುಟ್ಟಿದರು. ಮನೆಗೆ ಬಂದು ಅಕ್ಕನ ಕಾಲು ಒತ್ತಿ ನೋಡಿದೆ. ಹೆಬ್ಬೆರಳು ಒತ್ತಿದಲ್ಲಿ ಊತದ ಗುಂಡಿ ಬೀಳಲಿಲ್ಲ. ಖುಷಿಯಾಯಿತು.

ಫೆಬ್ರವರಿ 2

ನೀತಿ ಸಮಿತಿಯ ಮುಂದೆ ಕೂತಿದ್ದೆ. ಇಂಥ ಅಧ್ಯಯನಗಳಿಗೆ ಅಪ್ಪಣೆ ಕೊಡುವುದು ಅವರೇ. ಏಳು ಜನ, ಆರು ಜನರ ಕಣ್ಣು ಗಡಿಯಾರದ ಮೇಲೆ. ನಿವೃತ್ತ ನ್ಯಾಯಾಧೀಶರೊಬ್ಬರು ಮಾತ್ರ ಕನ್ನಡಕ ಏರಿಸಿ ಕೇಳಿದರು: "ಈ ಅರ್ಧ ಅನ್ನೋದು ಎಲ್ಲಿಂದ ಬಂತಮ್ಮ?"

"ಹಿಂದಿನ ಅಧ್ಯಯನದಿಂದ ಸರ್."

"ಅಷ್ಟು ಆಗ್ದೇ ಹೋದ್ರೆ?"

"ಆಗದೇ ಹೋದರೆ ಗುಳಿಗೆ ಅಷ್ಟೇನೂ ಕೆಲಸದ್ದಲ್ಲ ಅಂತ ಅರ್ಥ ಸರ್."

ಅದು ಅರ್ಥವಲ್ಲ. ಗುಳಿಗೆ ಕೆಲಸ ಮಾಡಿಯೂ, ನಮ್ಮ ಅರವತ್ತಾರಕ್ಕೆ ಅದು ಕಾಣದೇ ಹೋಗಬಹುದು. ಇಷ್ಟು ಸಣ್ಣ ವಿಷಯ ಅವರಿಗೆ ಹೊಳೆಯಲಿಲ್ಲ, ಹೊಳೆಯಿಸುವ ಗೋಜಿಗೆ ನಾನು ಹೋಗಲಿಲ್ಲ. ಕಡಿಮೆ ರೋಗಿಗಳಿಗೆ ತೊಂದರೆ ಕೊಡುವ ಅಧ್ಯಯನ ಎಂದು ಅಧ್ಯಕ್ಷರು ನನ್ನನ್ನೇ ಹೊಗಳಿದರು.

ಏಪ್ರಿಲ್ 17, ಸೋಮವಾರ

ನೂರ ಅರವತ್ತು ಜನ ಸೇರಿದ್ದಾರೆ, ಹೆಚ್ಚಿನವರು ಮೊದಲಿನಿಂದ ಇಲ್ಲಿಗೇ ಬರುತ್ತಿದ್ದ ಹಳೆಯ ರೋಗಿಗಳು. ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಫೋನು ಮಾಡಿ ವಿಚಾರಿಸಲು ಒಬ್ಬರನ್ನು ಹಾಕಿಕೊಂಡಿದ್ದೇವೆ. ನನ್ನ ವಯಸ್ಸಿನ ಹೆಂಗಸು, ಹಿಂದೆ ರೈಲು ವಿಚಾರಣೆಯ ಫೋನಿನಲ್ಲಿ ಕೂತಿದ್ದವರು. ದನಿ ಜೇನು. ನಾನು ಅವರನ್ನು ಫೋನಿನಮ್ಮ ಎಂದು ಕರೆಯಲು ಶುರುಮಾಡಿ ಈಗ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನಮ್ಮ ಕೋಣೆಗಳ ನಡುವೆ ಇರುವುದು ಹಲಗೆಯ ಗೋಡೆ. ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಅವರ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ.

ಇವತ್ತು ಮೊದಲನೆಯದು ಬಂತು. ಕೊಡೆ ರಿಪೇರಿ ಮಾಡುವವನು, ಐವತ್ತೆಂಟು ವರ್ಷ. ಫೋನಿನಮ್ಮ ಎಂದಿನಂತೆ ಕರೆ ಮಾಡಿದ್ದಾರೆ, ಅವನ ಹೆಂಡತಿ, "ಅವರು ಶನಿವಾರ ಹೋದ್ರು, ನಿಮ್ಮ ಗುಳಿಗೆ ಇನ್ನೂ ಹನ್ನೆರಡು ಉಳಿದಿದೆ, ವಾಪಸ್ ಕೊಡ್ಬೇಕಾ?" ಎಂದು ಕೇಳಿದಳಂತೆ. ಫೋನಿನಮ್ಮ ಅತ್ತರು. ನನಗೂ ಊಟ ಸೇರಲಿಲ್ಲ. ಅರವತ್ತಾರರಲ್ಲಿ ಒಂದು ಎಂದು ಬರೆಯಲು ಕೈ ಬರದೆ ಸುಮ್ಮನೆ ಅವನ ದಾಖಲೆ ಸಂಖ್ಯೆಯನ್ನಷ್ಟೇ ಬರೆದಿಟ್ಟೆ.

ಜೂನ್ 5, ಸೋಮವಾರ

ಇನ್ನೂರ ಎಂಬತ್ತು ಭರ್ತಿ. ಕೊನೆಗೆ ಸೇರಿದವನು ಮೆರವಣಿಗೆಗಳಲ್ಲಿ ತುತ್ತೂರಿ ಊದುವವನು. ಹೃದಯ ನೂರಕ್ಕೆ ಇಪ್ಪತ್ತರಷ್ಟೇ ಕೆಲಸ ಮಾಡುತ್ತಿದೆ, ಆದರೂ ಊದುವುದನ್ನು ಬಿಟ್ಟಿಲ್ಲ. ಒಪ್ಪಿಗೆ ಪತ್ರಕ್ಕೆ ರುಜು ಹಾಕಿ ನನ್ನ ಬಾಗಿಲಿಗೆ ಬಂದು, "ಎಷ್ಟು ಜನ ಬೇಕು ಅಂತ ಹೇಳೋರು ನೀವೇ ಅಂತೆ. ನಾನು ಲಾಸ್ಟು ಬಂದೆ, ಬಾಗಿಲು ಹಾಕ್ಕೊಳ್ಳಿ ಅಮ್ಮ," ಎಂದು ನಕ್ಕ. ನನಗೂ ನಗು ಬಂತು. ಮೂರು ತಿಂಗಳಿಗಿಂತ ಹೆಚ್ಚು ಬಾಳುವ ಲಕ್ಷಣವಿಲ್ಲ, ಪಾಪ.

ಐದು.

ಆಗಸ್ಟ್ 21, ಸೋಮವಾರ

ಹನ್ನೊಂದು. ಈ ಹೊತ್ತಿಗೆ ಇಪ್ಪತ್ತಾದರೂ ಆಗಬೇಕಿತ್ತು. ಸೇರಿದ ಹೊಸದರಲ್ಲಿ ಎಲ್ಲರೂ ಸ್ವಲ್ಪ ಹುಷಾರಾಗಿಯೇ ಇರುತ್ತಾರೆ, ಮುಂದೆ ಸರಿಹೋಗುತ್ತದೆ.

ಅಕ್ಕನ ತೂಕ ಮೊನ್ನೆ ಒಂದೂವರೆ ಕೆಜಿ ಏರಿತ್ತು. ನೀರು ಇಳಿಯುವ ಮಾತ್ರೆ ಹೆಚ್ಚಿಸಿ, ಉಪ್ಪಿನ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ. "ಒಡವೆ ಹೊರಗೆ, ಉಪ್ಪು ಒಳಗೆ. ಕಳ್ಳ ಬಂದ್ರೆ ಗಾಬರಿಯಾಗ್ತಾನೆ ಕಣೇ," ಎಂದಳು. ನಾಲ್ಕು ದಿನಕ್ಕೆ ತೂಕ ಇಳಿಯಿತು.

ನವೆಂಬರ್ 6, ಸೋಮವಾರ

ಹತ್ತೊಂಬತ್ತು. ದೊಡ್ಡ ಡಾಕ್ಟರು ಮೊಗಸಾಲೆಯಲ್ಲಿ ಎಲ್ಲರೆದುರಿಗೇ, "ಏನಮ್ಮ, ನಿಮ್ಮ ಜನ ಸಾಯೋದೇ ಇಲ್ವಲ್ಲ?" ಎಂದರು. ಘಟನೆ ಎನ್ನಿ ಎಂದು ನನಗೆ ಕಲಿಸಿದವರು.

ತುತ್ತೂರಿಯವನು ತಪಾಸಣೆಗೆ ಬಂದಿದ್ದ. ಕೆನ್ನೆ ತುಂಬಿಕೊಂಡಿದೆ. ಎರಡು ಮೆಟ್ಟಿಲು ಒಟ್ಟಿಗೆ ಹತ್ತಿ ಬಂದೆ ಎಂದು ಹೇಳಿಕೊಂಡ. ಹಾಗೆ ಹತ್ತುವುದೇನು ದೊಡ್ಡಸ್ತಿಕೆಯೋ. ನನ್ನ ಅಕ್ಕ ಒಂದು ಮೆಟ್ಟಿಲಿಗೆ ಎರಡು ಸಲ ನಿಲ್ಲುತ್ತಾಳೆ.

ಜನವರಿ 8, ಸೋಮವಾರ (ಎರಡನೇ ವರ್ಷ)

ಇಪ್ಪತ್ತೆಂಟು. ಆಗಬೇಕಿದ್ದದ್ದು ನಲವತ್ತೈದು. ಹೀಗೇ ಹೋದರೆ ಮುಗಿಯುವುದು ಜೂನಿಗಲ್ಲ, ಇನ್ನೂ ಹತ್ತು ತಿಂಗಳಿಗೆ.

ಎಲ್ಲಿ ತಪ್ಪಿದೆನೆಂದು ಮೂರು ದಿನ ಕೂತು ಹುಡುಕಿದೆ. ಈ ಕಾಯಿಲೆಯವರಲ್ಲಿ ವರ್ಷಕ್ಕೆ ನೂರಕ್ಕೆ ಮೂವತ್ತು ಜನ ಸಾಯುತ್ತಾರೆಂದು ನಮ್ಮ ವಾರ್ಡಿನ ಹಳೆಯ ದಾಖಲೆಗಳಿಂದ ತೆಗೆದಿದ್ದೆ. ವಾರ್ಡಿಗೆ ಬರುವವರು ಕಾಯಿಲೆ ಮೀರಿದ ಮೇಲೆ ಬರುವವರು. ನಮ್ಮ ಇನ್ನೂರ ಎಂಬತ್ತು ಜನಕ್ಕೆ ಕಾಯಿಲೆ ಮೀರುವುದೇ ಇಲ್ಲ. ಯಾಕೆ ಮೀರುವುದಿಲ್ಲ ಎನ್ನುವುದು ಹಲಗೆ ಗೋಡೆಯಾಚೆ ಕೇಳುತ್ತಿದೆ.

"ಕಾಲು ಊದಿದ್ಯಾ? ಒತ್ತಿ ನೋಡಿ, ನಾನು ಫೋನ್ ಹಿಡ್ಕೊಂಡಿರ್ತೀನಿ. ಗುಂಡಿ ಬೀಳುತ್ತಾ? ಹಾಗಾದ್ರೆ ನಾಳೆ ಅನ್ಬೇಡಿ, ಇವತ್ತೇ ಬನ್ನಿ. ಉಪ್ಪು ಬಿಟ್ರಾ ಇಲ್ವಾ? ಸುಳ್ಳು ಹೇಳ್ಬೇಡಿ, ನಿಮ್ಮ ಸೊಸೆ ಹೇಳಿದಾರೆ."

ಇಡೀ ದಿನ ಇದೇ. ಗುಳಿಗೆ ಯಾವುದಾದರೂ ಇರಲಿ, ಫೋನಿನಮ್ಮ ಸಾಯಲು ಬಿಡುತ್ತಿಲ್ಲ.

ಫೆಬ್ರವರಿ 12, ಸೋಮವಾರ

ಫೋನಿನಮ್ಮನನ್ನು ಕರೆದು ಕೂರಿಸಿ ಮಾತಾಡಿದೆ. ನಮ್ಮ ನಮೂನೆಯಲ್ಲಿರುವುದು ನಾಲ್ಕೇ ಪ್ರಶ್ನೆ: ರೋಗಿ ಬದುಕಿದ್ದಾರೆಯೇ, ಆಸ್ಪತ್ರೆಗೆ ಸೇರಿದ್ದಾರೆಯೇ, ಗುಳಿಗೆ ತಪ್ಪಿದೆಯೇ, ಬೇರೆ ಔಷಧಿ ಶುರುವಾಗಿದೆಯೇ. ಅಷ್ಟು ಕೇಳಿ ಇಡಬೇಕು. ಊರಿನ ಇತರ ರೋಗಿಗಳಿಗೆ ಹೀಗೆ ವಾರವಾರ ಯಾರೂ ಫೋನು ಮಾಡಿ ಬುದ್ಧಿ ಹೇಳುವುದಿಲ್ಲ. ಹೇಳಿದರೆ ಅಧ್ಯಯನ ನಿಜ ಜೀವನದಂತೆ ಇರುವುದಿಲ್ಲ. ಇದು ಪುಸ್ತಕದಲ್ಲಿರುವ ಮಾತೇ, ನಾನು ಹುಟ್ಟಿಸಿದ್ದಲ್ಲ.

"ಕಾಲು ಊದಿದೆ ಅಂತ ಅವರೇ ಹೇಳಿದ್ರೆ?"

"ಬರ್ಕೊಳ್ಳಿ."

"ಬನ್ನಿ ಅನ್ಬಾರ್ದಾ?"

"ಬರಬೇಕು ಅನ್ನಿಸಿದ್ರೆ ಅವರೇ ಬರ್ತಾರೆ. ನೀವು ಹೇಳಬೇಡಿ."

ಫೋನಿನಮ್ಮ ನಮೂನೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು, ಹಿಂದೆ ಇನ್ನೇನಾದರೂ ಬರೆದಿದೆಯೇನೋ ಎನ್ನುವಂತೆ. "ಅವರಿಗೆ ಬರ್ಬೇಕು ಅನ್ನಿಸೋದೇ ಇಲ್ಲ ಮೇಡಂ. ತೊಂದ್ರೆ ಕೊಡ್ಬಾರ್ದು ಅಂತಾರೆ. ಅದಕ್ಕೇ ನಾನು ಬೈತಿದ್ದೆ." ನಾನು ಪೆನ್ನಿನಿಂದ ಆ ನಾಲ್ಕು ಪ್ರಶ್ನೆ ತೋರಿಸಿದೆ. "ಆಯ್ತು ಮೇಡಂ, ನನ್ನ ಕೆಲಸ ಇದೇ ಅಂದ್ರೆ ಇದೇ," ಎಂದು ಎದ್ದರು. ಅಷ್ಟು ಮುಖ ಊದಿಸಿಕೊಳ್ಳುವಂಥದ್ದು ಏನಿತ್ತೋ.

ಮನೆಗೆ ಬರುವಾಗ ಹೊಸ ತೂಕದ ಯಂತ್ರ ತಂದೆ. ಹಳೆಯದು ಅರ್ಧ ಕೆಜಿ ಅತ್ತಿತ್ತ ತೋರಿಸುತ್ತಿತ್ತು. ಅಕ್ಕನ ವಿಷಯದಲ್ಲಿ ಅರ್ಧ ಕೆಜಿಯೂ ಆಟವಲ್ಲ.

ಏಪ್ರಿಲ್ 15, ಸೋಮವಾರ

ನಲವತ್ತೊಂದು. ಎರಡು ತಿಂಗಳಲ್ಲಿ ಹತ್ತಕ್ಕೂ ಹೆಚ್ಚು. ಲೆಕ್ಕ ದಾರಿಗೆ ಬಂತು. ಹಲಗೆಯಾಚೆ ಈಗ ಶಾಂತ. ಒಂದು ಫೋನಿಗೆ ಒಂದು ನಿಮಿಷ. ಮಧ್ಯಾಹ್ನಕ್ಕೇ ಕೆಲಸ ಮುಗಿಯುತ್ತದೆ, ನನಗೂ ತಲೆನೋವಿಲ್ಲ.

ಅಕ್ಕ ಮಾತ್ರ ಇಳಿದುಹೋಗುತ್ತಿದ್ದಾಳೆ. ಈ ತಿಂಗಳಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿಸಿದೆ. ನಾಲ್ಕನೇ ದಿಂಬು ಬಂತು. ಬೆಳಿಗ್ಗೆ ತೂಕ, ಮಧ್ಯಾಹ್ನ ಕಚೇರಿಯಿಂದ ಫೋನು, ಸಂಜೆ ಕಾಲು ಒತ್ತಿ ನೋಡುವುದು. "ನನ್ನ ಕಾಲೇನು ನಿನಗೆ ಹಿಟ್ಟಿನ ಮುದ್ದೆಯಾ?" ಎಂದು ಬೈಯುತ್ತಾಳೆ. ಬೈಯಲಿ. ನಾನು ಒತ್ತದಿದ್ದರೆ ಇವಳು ಹೋದ ತಿಂಗಳೇ ಹೋಗಿರುತ್ತಿದ್ದಳು.

ಮೇ 20, ಸೋಮವಾರ

ಐವತ್ತು.

ಜೂನ್ 3, ಸೋಮವಾರ

ಐವತ್ತು. ಎರಡು ವಾರ ಒಂದೂ ಇಲ್ಲ. ಇದೇನು ಹಟವೋ ಇವರದು.

ಜೂನ್ 24, ಸೋಮವಾರ

ಐವತ್ತಾರು. ಫೋನಿನಮ್ಮ ರಜೆ, ನಾನೇ ಕೂತು ಫೋನು ಮಾಡಿದೆ. ಸಂಖ್ಯೆ ಇನ್ನೂರ ಎಂಬತ್ತು ಎಂದಿತ್ತು, ಯಾರೆಂದು ನೋಡಲಿಲ್ಲ. ನಾಲ್ಕು ಸಲ ಬಾರಿಸಿದರೂ ಎತ್ತಲಿಲ್ಲ. ಐದನೇ ಸಲಕ್ಕೆ ಪೆನ್ನಿನ ಮುಚ್ಚಳ ತೆಗೆದಿದ್ದೆ.

"ಇದ್ದೀನಮ್ಮ, ಇದ್ದೀನಿ! ಸ್ನಾನಕ್ಕೆ ಹೋಗಿದ್ದೆ." ತುತ್ತೂರಿಯವನು. "ಎಲ್ಲಿ ನಮ್ಮ ಫೋನಿನಮ್ಮ? ಯಾಕೋ ಈಗೀಗ ಅವರು ಬೈಯೋದೇ ಇಲ್ಲ. ನಾನೇನಾದ್ರೂ ತಪ್ಪು ಮಾಡಿದ್ನಾ?"

"ಗುಳಿಗೆ ತಪ್ಪಿದೆಯಾ?"

"ಒಂದೂ ಇಲ್ಲ. ನನ್ನ ಹೆಂಡ್ತಿ ನೆಟ್ಟಗೆ ನೆನಪಿಸ್ತಾಳೆ. ನೀವು ಹೇಗಿದೀರಮ್ಮ?"

ಅದು ನಮೂನೆಯಲ್ಲಿ ಇಲ್ಲದ ಪ್ರಶ್ನೆ. ಇಟ್ಟೆ. ಮುಚ್ಚಳ ಎಲ್ಲಿ ಬಿತ್ತೋ, ಹುಡುಕಲು ಬೇಜಾರಾಯಿತು.

ಆಗಸ್ಟ್ 12, ಸೋಮವಾರ

ಅರವತ್ತಾರು! ಹನ್ನೊಂದೂಕಾಲಿಗೆ. ಒಬ್ಬ ಹೆಂಗಸು, ಶಾಲೆಯ ಅಡುಗೆಯವಳು. ಕಾಲು ಊದಿ ಎಂಟು ದಿನವಾಗಿತ್ತಂತೆ, ಹೋದ ಸೋಮವಾರ ಫೋನಿನಲ್ಲಿ ಹೇಳಿದ್ದಳಂತೆ, ಫೋನಿನಮ್ಮ ಬರೆದುಕೊಂಡಿದ್ದಾರೆ. ಆ ನಮೂನೆಯನ್ನು ಅವರು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಹೇಳದೆ ಕೇಳದೆ ಮನೆಗೆ ಹೋದರು. ಇಂಥ ದಿನ ಮುನಿಸೇಕೋ ತಿಳಿಯಲಿಲ್ಲ.

ನಾನು ಮೆಟ್ಟಿಲಿಳಿದು ದೊಡ್ಡ ಡಾಕ್ಟರ ಕೋಣೆಗೆ ಓಡಿದೆ. ಅವರು ಎದ್ದು ನನ್ನ ಕೈ ಕುಲುಕಿದರು. ಸಂಜೆ ಅಕ್ಕನಿಗೆ ಹೇಳಿದೆ: "ಮುಗೀತು ಕಣೇ. ಇನ್ನು ಹತ್ತೇ ದಿನ. ಆಮೇಲೆ ಗುಳಿಗೆ ನಿನಗೇ." ಅವಳ ಕಣ್ಣು ಹೊಳೆಯಿತು. ಎಷ್ಟೋ ದಿನದ ಮೇಲೆ ಬಾಚಣಿಗೆ ಕೇಳಿ ತಲೆ ಬಾಚಿಸಿಕೊಂಡಳು.

ಆಗಸ್ಟ್ 23

ಇವತ್ತು ಯಾರಿಗೆ ಯಾವ ಗುಳಿಗೆ ಎನ್ನುವ ಗುಟ್ಟಿನ ಪಟ್ಟಿ ತೆರೆದರು. ಅಸಲಿ ಗುಳಿಗೆ ತಿಂದವರಲ್ಲಿ ಇಪ್ಪತ್ತೇಳು ಸಾವು. ಹುಸಿ ಗುಳಿಗೆಯವರಲ್ಲಿ ಮೂವತ್ತೊಂಬತ್ತು.

ಗುಳಿಗೆ ಕೆಲಸ ಮಾಡುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ಮೊದಲ ದಿನ ನಾನು ಬರೆದಿದ್ದ ಅಂಕಿಯೇ.

ಆದರೆ ಅರವತ್ತಾರರಲ್ಲಿ ಹನ್ನೆರಡರ ಅಂತರ ರುಜುವಾತಲ್ಲ. ಗುಳಿಗೆ ಬರೀ ಸುಣ್ಣವಾಗಿದ್ದರೂ ಇಂಥ ಅಂತರ ಅದೃಷ್ಟದಿಂದಲೇ ಬರುವ ಸಾಧ್ಯತೆ ನೂರಕ್ಕೆ ಹದಿನಾಲ್ಕು. ಐದಕ್ಕಿಂತ ಕಡಿಮೆ ಇರಬೇಕೆಂದು ಸಮಿತಿಗೆ ಕೊಟ್ಟ ಪತ್ರದಲ್ಲಿ ನಾನೇ ಬರೆದುಕೊಟ್ಟಿದ್ದೇನೆ. ಇನ್ನೂರು ಸಾವಿನಲ್ಲಿ ಇದೇ ಪ್ರಮಾಣ ಇದ್ದಿದ್ದರೆ ಯಾರೂ ಕಮಕ್ ಕಿಮಕ್ ಎನ್ನುವಂತಿರಲಿಲ್ಲ. ಕಂಪನಿಯವರ ಪ್ರತಿನಿಧಿ ಚೀಲ ಮುಚ್ಚುತ್ತಾ, ಗುಳಿಗೆ ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದ. ಮತ್ತೆ ದೊಡ್ಡದಾಗಿ ಮಾಡೋಣ ಎಂದೆ. "ಸೋತಿದ್ದಕ್ಕೆ ಮತ್ತೆ ಯಾರು ಕೈ ಹಾಕ್ತಾರೆ ಮೇಡಂ?" ಎಂದ.

ದೊಡ್ಡ ಡಾಕ್ಟರು ಕಿಟಕಿಯಾಚೆ ನೋಡುತ್ತಾ ಹೇಳಿದರು: "ಅರ್ಧ ಅಂದಿದ್ದು ನೀವೇ ಅಲ್ವೇನಮ್ಮ."

ಆಗಸ್ಟ್ 25

ಎರಡು ದಿನ ಅಕ್ಕನ ಕಣ್ಣು ತಪ್ಪಿಸಿದೆ. ಇವತ್ತು ತೂಕದ ಯಂತ್ರದ ಮೇಲೆ ನಿಂತವಳು ಇಳಿಯಲೇ ಇಲ್ಲ. ಗೋಡೆ ಹಿಡಿದು ನಿಂತು, "ಹೇಳು," ಎಂದಳು. ಹೇಳಿದೆ.

"ಗುಳಿಗೆ ತಿಂದೋರು ಕಮ್ಮಿ ಸತ್ರು ತಾನೆ?"

"ಹೂಂ."

"ಮತ್ತೆ ಒಳ್ಳೇದೇ ಆಯ್ತಲ್ಲ."

"ಒಳ್ಳೇದು ಅಂತ ತೋರಿಸೋಕೆ ಅಷ್ಟು ಸಾವು ಸಾಲ್ದು ಅಕ್ಕ. ಇನ್ನೂರು ಬೇಕಿತ್ತು."

"ಅರವತ್ತಾರು ಅಂತ ಯಾರು ಹೇಳಿದ್ದು?"

ಸುಳ್ಳು ಹೇಳಬಹುದಿತ್ತು. ನನ್ನ ಜನ್ಮದಲ್ಲಿ ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದಿಲ್ಲ. ಎಲ್ಲವನ್ನೂ ಹೇಳಿದೆ. ನಾಲ್ಕು ವರ್ಷ, ಎರಡು ವರ್ಷ, ಅರ್ಧ ಎಂದು ಹಾಕಿದ್ದು, ಫೋನಿನಮ್ಮನಿಗೆ ನಾಲ್ಕೇ ಪ್ರಶ್ನೆ ಕೇಳಲು ಹೇಳಿದ್ದು. ನಿನಗೋಸ್ಕರ ಎಂದೆ. ಅದನ್ನು ಎರಡು ಮೂರು ಸಲ ಅಂದೆನೇನೋ.

ಅಕ್ಕ ಮಂಚದವರೆಗೆ ಒಬ್ಬಳೇ ನಡೆದು ಹೋಗಿ ಕೂತಳು. ಉಸಿರು ಹಿಂದಿರುಗಲು ತುಂಬ ಹೊತ್ತಾಯಿತು.

"ನಾಲ್ಕು ವರ್ಷ ಆಗಿದ್ರೆ ನನಗೆ ಸಿಗ್ತಿರ್ಲಿಲ್ಲ. ಬೇರೆಯವರಿಗೆ ಸಿಗ್ತಿತ್ತು."

"ಹೂಂ."

"ಈಗ?"

"ಯಾರಿಗೂ ಇಲ್ಲ."

"ಆ ಫೋನಿನಲ್ಲಿ, ಕಾಲು ಊದಿದೆ ಅಂದೋರಿಗೂ ಬಾ ಅನ್ಲಿಲ್ಲ."

ನಾನು ತೂಕದ ಯಂತ್ರವನ್ನು ಮಂಚದ ಕೆಳಗೆ ಸರಿಸಿದೆ.

"ನಾನು ಕೇಳಿದ್ನೇನೆ?" ಎಂದಳು. ಜಗಳದ ದನಿಯಲ್ಲ, ನಿಜವಾಗಿಯೂ ನೆನಪಿಗೆ ಬಾರದೆ ಕೇಳುವವಳ ಹಾಗೆ. "ಯಾವತ್ತಾದ್ರೂ ಬಾಯಿ ಬಿಟ್ಟು ಕೇಳಿದ್ನಾ?" ಸಂಜೆ ಕಾಲು ಒತ್ತಲು ಹೋದರೆ ಹೊದಿಕೆಯೊಳಗೆ ಎಳೆದುಕೊಂಡಳು. "ಇನ್ಮೇಲೆ ನನಗೂ ಆ ನಾಲ್ಕೇ ಪ್ರಶ್ನೆ ಕೇಳು. ಮೊದಲನೇದು ಯಾವುದು? ಬದುಕಿದೀರಾ? ಬದುಕಿದೀನಿ. ಬರ್ಕೋ ಹೋಗು."

ಸೆಪ್ಟೆಂಬರ್ 9, ಸೋಮವಾರ

ತುತ್ತೂರಿಯವನು ಬಂದಿದ್ದ. ಅವನಿಗೆ ಸಿಕ್ಕಿದ್ದು ಅಸಲಿ ಗುಳಿಗೆ. ಪಟ್ಟಿಯಲ್ಲಿ ನೋಡಿದಾಗ ಆಶ್ಚರ್ಯವಾಗಲಿಲ್ಲ. ಖಾಲಿ ಶೀಶೆಯನ್ನು ಮೇಜಿನ ಮೇಲಿಟ್ಟು, "ನನಗೊಬ್ಬನಿಗೆ ಕೊಡೋಕಾಗಲ್ವಾ ಅಮ್ಮ?" ಎಂದು ಕೇಳಿದ. ಉಳಿದ ಗುಳಿಗೆಗಳನ್ನೆಲ್ಲ ಕಂಪನಿಯವರು ಹೊತ್ತುಕೊಂಡು ಹೋಗಿದ್ದಾರೆ ಎಂದೆ. ಇದು ನಿಜ. "ನನಗೆ ಅದರಿಂದಾನೇ ವಾಸಿಯಾಗಿದ್ದು." ಒಬ್ಬರ ಅನುಭವದಿಂದ ಏನನ್ನೂ ಹೇಳಲು ಬರುವುದಿಲ್ಲ ಎಂದು ತಿಳಿಸಿ ಹೇಳಿದೆ. ಅದೂ ನಿಜ. ಅವನು ಶೀಶೆ ಅಲ್ಲೇ ಬಿಟ್ಟು ಹೋದ.

ಅಕ್ಕ ಊಟಕ್ಕೆ ಉಪ್ಪು ಕೇಳಿದಳು. ಕೊಡುವುದಿಲ್ಲ ಎಂದೆ. ಎರಡು ದಿನ ಉಪವಾಸ ಕೂತಳು. ಮೂರನೆಯ ದಿನ ಬೀರುವಿನ ಬೀಗ ತೆಗೆದೆ.

ಅಕ್ಟೋಬರ್ 21, ಸೋಮವಾರ

ಫೋನಿನಮ್ಮ ಕೆಲಸ ಬಿಟ್ಟು ಹೋಗುವಾಗ ನನ್ನ ಬಾಗಿಲಲ್ಲಿ ನಿಂತು, "ತುತ್ತೂರಿಯವರು ಗುರುವಾರ ಹೋದ್ರು ಮೇಡಂ," ಎಂದರು. ಲೆಕ್ಕ ಮುಚ್ಚಿದೆ, ಈಗ ಬಂದದ್ದನ್ನು ಸೇರಿಸುವ ಹಾಗಿಲ್ಲ ಎಂದೆ. "ಸೇರಿಸಿ ಅಂತ ನಾನು ಹೇಳ್ಲಿಲ್ಲ," ಎಂದರು. ಹಾಗಾದರೆ ಹೇಳಿದ್ದು ಯಾತಕ್ಕೆ? ಅಕ್ಕನೇ ಫೋನು ಮಾಡಿ ಕರೆಸಿಕೊಂಡಳಂತೆ, ಅವರು ಈಗ ಮಧ್ಯಾಹ್ನದ ಹೊತ್ತು ಅವಳ ಹತ್ತಿರ ಬಂದು ಕೂರುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ಇಬ್ಬರೂ ನಗುವುದು ಕೇಳುತ್ತದಂತೆ. ನಾನು ಬಾಗಿಲು ತೆಗೆದರೆ ಅಕ್ಕ ಗೋಡೆ ಕಡೆ ತಿರುಗುತ್ತಾಳೆ.

ತೂಕ ನೋಡುವುದನ್ನು ಬಿಟ್ಟು ಎರಡು ತಿಂಗಳಾಯಿತು. ನೋಡದೆಯೇ ಗೊತ್ತಾಗುತ್ತದೆ. ಪಾದ ಚಪ್ಪಲಿಯೊಳಗೆ ಹೋಗುವುದಿಲ್ಲ.

ನವೆಂಬರ್ 14

ಬೆಳಿಗ್ಗೆ ಏಳೂವರೆಗೆ ಅಕ್ಕ ಹೋದಳು. ನಾನು ಕಾಫಿ ತೆಗೆದುಕೊಂಡು ಹೋದಾಗ ದಿಂಬುಗಳ ಮೇಲೆ ಕೂತೇ ಇದ್ದಳು. ಲೋಟ ಕೆಳಗಿಟ್ಟು ಕಾಲು ಒತ್ತಿ ನೋಡಿದೆ. ಎಳೆದುಕೊಳ್ಳಲಿಲ್ಲ. ಹೆಬ್ಬೆರಳು ಅರ್ಧ ಒಳಗೆ ಹೋಯಿತು.

ಡಾಕ್ಟರಮ್ಮ ಬರುವವರೆಗೆ ಅರ್ಧ ಗಂಟೆಯಿತ್ತು. ಏನು ಮಾಡಬೇಕೆಂದು ತೋಚಲಿಲ್ಲ. ಪಕ್ಕದಲ್ಲಿ ಅವಳ ಔಷಧಿ ಚೀಟಿ ಬಿದ್ದಿತ್ತು, ಅದರ ಹಿಂದೆ ಬರೆದೆ. ಗುಳಿಗೆ ಸಿಗದವಳು, ಆದ್ದರಿಂದ ಹುಸಿ ಗುಳಿಗೆಯವರ ಕಡೆಗೆ. ಇಪ್ಪತ್ತೇಳು, ನಲವತ್ತು. ಒಟ್ಟು ಅರವತ್ತೇಳು. ಅದೃಷ್ಟದ ಸಾಧ್ಯತೆ ನೂರಕ್ಕೆ ಹದಿನಾಲ್ಕು ಇದ್ದದ್ದು ಹನ್ನೊಂದಕ್ಕೆ ಇಳಿಯುತ್ತದೆ, ಬೇಕಿದ್ದದ್ದು ಐದು. ಎರಡು ಸಲ ಮಾಡಿ ನೋಡಿದೆ. ಸಾಲದು.